ಪೆಟ್ಟಿಗೆಗೂ ಪರದೆಗೂ ಮಾತು ಬಿಟ್ಟಾಗ



ಸಂಸಾರವೆಂದ ಮೇಲೆ ಮನೆಯಲ್ಲಿ ಒಂದಲ್ಲ ಒಂದು ವಸ್ತು ಕೆಡುತ್ತಲೇ ಇರುವುದು. ಬಾವಿಯ ರಾಟೆ ಕಿರುಗುಟ್ಟಿದರೆ ಎಣ್ಣೆ ಬಿಡುವೆವು; ಕೊಡ ಸೋರಿದರೆ ಬೆಸುಗೆ ಹಾಕಿಸುವೆವು; ಗಡಿಯಾರ ನಿಂತರೆ ಅಂಗಡಿಗೆ ಕೊಟ್ಟು ಬರುವೆವು. ಇವುಗಳಲ್ಲಿ ಕೆಟ್ಟುದು ಯಾವುದೆಂಬ ವಿಷಯದಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಆದರೆ ಎರಡು ವಸ್ತುಗಳು ಬೇರೆ ಬೇರೆಯಾಗಿರುವಾಗ ನಿರ್ದುಷ್ಟವಾಗಿದ್ದು, ಜೊತೆಗೂಡಿದಾಗ ಮಾತ್ರ ಕೆಲಸ ಮಾಡದೆ ಹೋದರೆ ದೋಷವನ್ನು ಯಾವುದರ ಮೇಲೆ ಹೊರಿಸತಕ್ಕದ್ದು? ವರನೂ ಯೋಗ್ಯನೇ, ಕನ್ಯೆಯೂ ಯೋಗ್ಯಳೇ, ಜಾತಕ ಮಾತ್ರ ಕೂಡಿಬರಲಿಲ್ಲವೆಂದು ಹಿರಿಯರು ಹೇಳುವರಲ್ಲವೆ? ಅಂಥದೇ ರೋಗವೊಂದು ಈಚೆಗೆ ನಮ್ಮ ನಡುಮನೆಗಳನ್ನು ಹೊಕ್ಕಿದೆ. ಕೇಬಲ್ಲಿನ ಪೆಟ್ಟಿಗೆಗೂ ಟಿ.ವಿ.ಗೂ ನಡುವೆ ಹುಟ್ಟುವ ಈ ವಿರಸವನ್ನು ಕುರಿತು ಈ ತಿಂಗಳು ನಾಲ್ಕು ಮಾತು ಬರೆಯಬೇಕೆಂದಿರುವೆನು. ಇದಕ್ಕೆ ಕಾರಣವಾದುದು ನನ್ನ ಬಂಧುಗಳ ಮನೆಯಲ್ಲಿಯೇ ನಡೆದ ಒಂದು ಸಂಗತಿ. ಅದರಲ್ಲಿ ಮೊದಲು ಎಡವಿದವನು ನಾನೇ ಆದುದರಿಂದ ಮುಚ್ಚುಮರೆಯಿಲ್ಲದೆ ಹೇಳಿಬಿಡುವೆನು.

ನನ್ನ ವಾಸ ಶಿವಮೊಗ್ಗೆಯಲ್ಲಿ. ನನ್ನ ಅಕ್ಕನ ಮನೆ ಭದ್ರಾವತಿಯಲ್ಲಿ. ತುಂಗೆಯ ದಡದಿಂದ ಭದ್ರೆಯ ದಡಕ್ಕೆ ಬಸ್ಸಿನಲ್ಲಿ ಬಹಳ ಹೊತ್ತಿನ ದಾರಿಯಲ್ಲ. ಭಾವನವರು ಶಾಲೆಯ ಉಪಾಧ್ಯಾಯರಾಗಿದ್ದು ನಿವೃತ್ತರಾದವರು. ಭದ್ರಾವತಿಯ ಆಕಾಶವಾಣಿ ಕೇಂದ್ರ ೧೯೬೫ರಲ್ಲಿ ಆರಂಭವಾದಾಗ ಅವರಿನ್ನೂ ಹುಡುಗರು. ಅಂದಿನಿಂದ ಎಷ್ಟೋ ವರ್ಷಗಳ ಕಾಲ ಬೆಳಗಿನ ವಾರ್ತೆ ಕೇಳದೆ ಕಾಫಿಯ ಲೋಟ ಮುಟ್ಟಿದವರಲ್ಲ. ಆದರೆ ವಯೋಧರ್ಮದಿಂದ ಕಿವಿ ಮಂದವಾಗುತ್ತ ಬಂದು, ರೇಡಿಯೋ ಅವರ ಪಾಲಿಗೆ ಮೌನವ್ರತ ಹಿಡಿಯಿತು. ಆಮೇಲೆ ಲೋಕದ ಸಮಾಚಾರ ಅವರಿಗೆ ತಿಳಿಯುತ್ತಿದ್ದುದು ಟಿ.ವಿ. ಪರದೆಯ ಕೆಳಗಡೆ ಹರಿದು ಹೋಗುವ ಅಕ್ಷರಗಳ ಸಾಲಿನಿಂದ. ಧ್ವನಿಯನ್ನು ಪೂರ್ತಿ ಇಳಿಸಿ, ಕನ್ನಡಕವನ್ನು ಏರಿಸಿ, ಆ ಸಾಲನ್ನು ಓದುತ್ತ ಕುಳಿತರೆಂದರೆ ಅಕ್ಕ ಹತ್ತಿರ ಹೋಗಿ ಭುಜ ಮುಟ್ಟಿಯೇ ಊಟಕ್ಕೆ ಎಬ್ಬಿಸಬೇಕಾಗಿತ್ತು.

ಕಳೆದ ಬೇಸಗೆಯಲ್ಲಿ ಕೇಬಲ್ಲಿನ ಹುಡುಗನು ಅವರ ಹಳೆಯ ಪೆಟ್ಟಿಗೆಯನ್ನು ತೆಗೆದು ಎಚ್.ಡಿ. ಪೆಟ್ಟಿಗೆಯೊಂದನ್ನು ಇಟ್ಟು, ಚಪ್ಪಟೆ ಮೂತಿಯ ಹೊಸ ತಂತಿಯಿಂದ ಟಿ.ವಿ.ಗೆ ಜೋಡಿಸಿ ಹೋದನು. ಆ ದಿನ ಚಿತ್ರ ಬಹು ಸೊಗಸಾಗಿ ಬಂದಿತು. ಮರುದಿನ ಬೆಳಿಗ್ಗೆ ನೋಡಿದರೆ ಪರದೆಯೆಲ್ಲ ಕಪ್ಪು. ನಡುವೆ ‘ಸಿಗ್ನಲ್ ಇಲ್ಲ’ವೆಂಬ ಬರಹ. ಕೆಲವು ದಿನ ಬರುವುದು, ಹೆಚ್ಚು ದಿನ ಬಾರದು. ಹುಡುಗನನ್ನು ಕರೆಸಿದರು. ಅವನು ಪೆಟ್ಟಿಗೆಯನ್ನು ತನ್ನ ಅಂಗಡಿಗೆ ಒಯ್ದು ಅಲ್ಲಿಯ ಟಿ.ವಿ.ಗೆ ಸಿಕ್ಕಿಸಿ ನೋಡಿದನು. ಚಿತ್ರ ಸ್ಫಟಿಕದಂತೆ ಮೂಡಿತು. “ಪೆಟ್ಟಿಗೆ ಸರಿಯಾಗಿದೆ ಮೇಷ್ಟ್ರೇ, ನಿಮ್ಮ ಟಿ.ವಿ.ಯೇ ಹೋಗಿದೆ” ಎಂದನು. ಭಾವನವರು ಟಿ.ವಿ.ಯನ್ನು ಆಟೋದಲ್ಲಿ ಮಗುವಿನಂತೆ ಹಿಡಿದುಕೊಂಡು ರಿಪೇರಿ ಅಂಗಡಿಗೆ ಹೋದರು. ಅಲ್ಲಿಯವರು ಪೆನ್‌ಡ್ರೈವ್ ಸಿಕ್ಕಿಸಿ ಒಂದು ಹಾಡು ಹಾಕಿದರು. ಅದೂ ಚೆನ್ನಾಗಿಯೇ ಬಂದಿತು. “ಟಿ.ವಿ.ಗೆ ಏನೂ ಆಗಿಲ್ಲ ಮೇಷ್ಟ್ರೇ, ಪೆಟ್ಟಿಗೆಯೇ ಹಾಳು” ಎಂದು ಅವರು ಹೇಳಿದರು. ಹೀಗೆ ಅತ್ತಿಂದಿತ್ತ ಮೂರು ಸಲ ತಿರುಗಿದ ಮೇಲೆ ಹುಡುಗನು ಬೇಸತ್ತು, ಹೊಸ ತಂತಿಯನ್ನು ಕಿತ್ತು, ಹಳದಿ, ಕೆಂಪು, ಬಿಳಿಯ ಮೂರು ಮೂತಿಗಳುಳ್ಳ ಹಳೆಯ ತಂತಿಯನ್ನೇ ಹಾಕಿಬಿಟ್ಟನು. ಚಿತ್ರ ಬಂದಿತು, ಆದರೆ ಕೆಳಗಿನ ಅಕ್ಷರಗಳು ನೀರಿನಲ್ಲಿ ನೆನೆದ ಕಾಗದದ ಬರಹದಂತೆ ಕಲಸಿಹೋದವು. “ಚಿತ್ರ ಬರುತ್ತದಲ್ಲ, ಇನ್ನೇನು?” ಎಂಬುದು ಹುಡುಗನ ಪ್ರಶ್ನೆ. ಕಿವಿಯಿದ್ದವರಿಗೆ ಅದು ಸರಿಯಾದ ಪ್ರಶ್ನೆಯೇ. ಓದುವುದಕ್ಕೆಂದೇ ಟಿ.ವಿ. ನೋಡುವವರಿಗೆ ಮಾತ್ರ ಅದು ಉತ್ತರವಲ್ಲ.

ಭಾವನವರು ಯಾರೊಡನೆಯೂ ಹೇಳದೆ ಹೊಸ ಟಿ.ವಿ. ಕೊಳ್ಳಲು ನಿಶ್ಚಯಿಸಿದರು. ಅಕ್ಕನಿಗೆ ಅದು ತಿಳಿದು ನನ್ನನ್ನು ಫೋನಿನಲ್ಲಿ ಕರೆದಳು. “ಪತ್ರಿಕೆಯಲ್ಲಿ ಊರಿಗೆಲ್ಲ ಬುದ್ಧಿ ಹೇಳುತ್ತೀಯಲ್ಲ, ಒಂದು ಸಲ ಇಲ್ಲಿಗೆ ಬಂದು ನೋಡೋ. ಕಿವಿಯ ಮಿಷನ್ನಿಗೆಂದು ಎರಡು ವರ್ಷದಿಂದ ಕೂಡಿಟ್ಟ ದುಡ್ಡನ್ನು ನಿಮ್ಮ ಭಾವ ಟಿ.ವಿ. ಅಂಗಡಿಗೆ ಸುರಿಯುವುದಕ್ಕೆ ಹೊರಟಿದ್ದಾರೆ” ಎಂದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆ ನೆನಪಾಯಿತು. ಜ್ವರ ಯಾವುದಕ್ಕೆ ಬಂದಿದೆಯೆಂಬುದು ನನಗೂ ತಿಳಿದಿರಲಿಲ್ಲವೆಂಬುದು ಬೇರೆ ಮಾತು.

ನಾನು ಶಿವಮೊಗ್ಗೆಯ ನೆಹರೂ ರಸ್ತೆಯ ಅಂಗಡಿಯೊಂದರಲ್ಲಿ, ಮೂತಿಗೆ ಚಿನ್ನದ ಬಣ್ಣ ಬಳಿದ ಹೆಚ್ಚಿನ ಬೆಲೆಯ ತಂತಿಯೊಂದನ್ನು ಕೊಂಡು ಭದ್ರಾವತಿಗೆ ಹೋದೆನು. ಟಿ.ವಿ.ಯೂ ಪೆಟ್ಟಿಗೆಯೂ ಹೊತ್ತಿಕೊಂಡಿರುವಂತೆಯೇ ಅದನ್ನು ಸಿಕ್ಕಿಸಿದೆನು. ಕ್ಷಣಾರ್ಧದಲ್ಲಿ ಚಿತ್ರ ಮೂಡಿತು. ಅಕ್ಷರಗಳು ಮುತ್ತಿನಂತೆ ಹರಿದವು. ಭಾವನವರ ಮುಖದಲ್ಲಿ ನಗು ಕಂಡಿತು. ನಾನು ಅಕ್ಕನ ಕೈಯ ಅಕ್ಕಿರೊಟ್ಟಿ ತಿಂದು, ವಿಜಯಿಯಾಗಿ ಊರಿಗೆ ಮರಳಿದೆನು. ಮರುದಿನ ಬೆಳಿಗ್ಗೆ ಆರೂವರೆಗೆ ಅಕ್ಕನ ಕರೆ ಬಂದಿತು: “ಮತ್ತೆ ಕಪ್ಪು.”

ನನಗೆ ನಾಚಿಕೆಯಾಯಿತು. ತಂತಿಯ ಮರ್ಮವನ್ನು ಅರಿಯದೆ ತಂತಿಯನ್ನು ಬದಲಾಯಿಸಿದ ತಪ್ಪು ನನ್ನದೆಂದು ತಿಳಿದು, ಆ ವಿಷಯವನ್ನು ಮೊದಲಿನಿಂದ ಓದತೊಡಗಿದೆನು. ತಿಳಿದುದನ್ನು ವಾಚಕರ ಮುಂದಿಡುವೆನು.

ಹಿಂದಿನ ಕಾಲದಲ್ಲಿ ಈ ತೊಡಕಿರಲಿಲ್ಲ. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ೧೯೮೧ರಲ್ಲಿ ತೆರೆದ ಮೇಲಿನ ವರ್ಷಗಳಲ್ಲಿ, ಟಿ.ವಿ. ಇದ್ದ ಮನೆಗಳ ಮಾಡಿನ ಮೇಲೆ ಆಂಟೆನಾ ನಿಂತಿರುತ್ತಿತ್ತು. ಅದರಿಂದ ಇಳಿದ ಒಂದು ತಂತಿ ಟಿ.ವಿ.ಯ ಬೆನ್ನನ್ನು ಸೇರುತ್ತಿತ್ತು. ಮುಂದೆ ಕೇಬಲ್ಲು ಬಂದಾಗಲೂ ಹಾಗೆಯೇ, ಕಂಬದಿಂದ ಬಂದ ತಂತಿ ನೇರವಾಗಿ ಟಿ.ವಿ.ಯ ಒಳಗೆ. ಮಳೆಯ ನೀರು ದೋಣಿಯಲ್ಲಿ ಹರಿದು ಹಂಡೆಗೆ ಬೀಳುವಂತೆ, ಕೊಡುವವನು ಕೊಡುತ್ತ ಹೋದನು, ಕೊಳ್ಳುವವನು ಕೊಳ್ಳುತ್ತ ಹೋದನು. ಇಬ್ಬರೂ ಒಬ್ಬರನ್ನೊಬ್ಬರು ಏನೂ ಕೇಳುತ್ತಿರಲಿಲ್ಲ. ೨೦೧೧ರಲ್ಲಿ ಕೇಬಲ್ ಟಿ.ವಿ. ಕಾಯಿದೆಗೆ ತಿದ್ದುಪಡಿಯಾಗಿ, ಕೇಬಲ್ಲಿನಲ್ಲಿ ಬರುವುದೆಲ್ಲ ಅಂಕೆಗಳ ರೂಪದಲ್ಲಿಯೇ ಬರತಕ್ಕದ್ದೆಂದು ಗೊತ್ತಾಯಿತು. ಬೆಂಗಳೂರು ಮೈಸೂರುಗಳಿಗೆ ೨೦೧೩ನೆಯ ಮಾರ್ಚಿ ೩೧ನೆಯ ತಾರೀಖು ಗಡುವಾಯಿತು. ಶಿವಮೊಗ್ಗೆ ಭದ್ರಾವತಿಗಳಂಥ ಉಳಿದ ಪಟ್ಟಣಗಳಿಗೆ ೨೦೧೫ನೆಯ ಡಿಸೆಂಬರು ೩೧. ಅಂಕೆಗಳನ್ನು ಬಿಡಿಸಿ ಚಿತ್ರವಾಗಿಸಲು ಮನೆಮನೆಗೂ ಪೆಟ್ಟಿಗೆಯೊಂದು ಬಂದಿತು. ಅಂದಿನಿಂದ ಟಿ.ವಿ. ಒಂದು ಸಾಧನವಾಗಿ ಉಳಿಯದೆ ಎರಡಾಯಿತು. ಎರಡಾದಲ್ಲಿ ಹೊಂದಾಣಿಕೆಯ ಪ್ರಶ್ನೆ ತಾನಾಗಿಯೇ ಹುಟ್ಟುವುದಷ್ಟೆ.

ಈ ಎರಡನ್ನು ಕೂಡಿಸುವ ಹಳೆಯ ಉಪಾಯವೇ ಮೂರು ಬಣ್ಣದ ತಂತಿ. ಕೆಂಪು ಮತ್ತು ಬಿಳಿಯವು ಧ್ವನಿಗೆ, ಹಳದಿಯದು ಚಿತ್ರಕ್ಕೆ. ಚಿತ್ರದ ಬೆಳಕೂ ಬಣ್ಣವೂ ಆ ಒಂದೇ ಹಳದಿ ತಂತಿಯಲ್ಲಿ ಬೆರೆತು ಬರುವುವು. ಅತ್ತ ಕಡೆ ಟಿ.ವಿ. ಅವುಗಳನ್ನು ಮತ್ತೆ ಬೇರ್ಪಡಿಸಬೇಕು. ಹಾಲು ನೀರುಗಳನ್ನು ಬೆರೆಸಿ ಕಳುಹಿಸಿ ಬೇರ್ಪಡಿಸೆಂದರೆ ಹಂಸಕ್ಕಲ್ಲದೆ ಸಾಧ್ಯವೆ? ಸಣ್ಣ ಅಕ್ಷರಗಳ ಅಂಚು ಕಲಸುವುದು ಇಲ್ಲಿಯೇ. ಮುಖಗಳನ್ನು ನೋಡುವವರಿಗೆ ಅದು ಕಾಣದು; ಅಕ್ಷರ ಓದುವವರಿಗೆ ಕಾಣುವುದು.

ಹೊಸ ತಂತಿಗೆ ಎಚ್.ಡಿ.ಎಂ.ಐ. ಎಂದು ಹೆಸರು. ಹಿಟಾಚಿ, ಮತ್ಸುಷಿತ, ಫಿಲಿಪ್ಸ್, ಸಿಲಿಕಾನ್ ಇಮೇಜ್, ಸೋನಿ, ಥಾಮ್ಸನ್, ತೋಷಿಬಾ ಎಂಬ ಏಳು ಕಂಪೆನಿಗಳು ಕೂಡಿ ಇದರ ಮೊದಲ ನಿಯಮಾವಳಿಯನ್ನು ೨೦೦೨ನೆಯ ಡಿಸೆಂಬರಿನಲ್ಲಿ ಹೊರಡಿಸಿದವು. ಇದರಲ್ಲಿ ಚಿತ್ರವು ಸೊನ್ನೆ ಒಂದುಗಳ ಲೆಕ್ಕವಾಗಿಯೇ ಹೋಗುವುದು. ಬೆರೆಸುವುದೂ ಇಲ್ಲ, ಬೇರ್ಪಡಿಸುವುದೂ ಇಲ್ಲ. ಅದರ ಚಪ್ಪಟೆ ಮೂತಿಯೊಳಗೆ ೧೯ ಸಣ್ಣ ಹಲ್ಲುಗಳಿರುವುವು. ಅವುಗಳಲ್ಲಿ ಹನ್ನೆರಡು ಹಲ್ಲುಗಳು ಚಿತ್ರ, ಧ್ವನಿ ಮತ್ತು ಅವೆರಡಕ್ಕೂ ಬೇಕಾದ ತಾಳ, ಇವನ್ನು ಹೊರುವುವು. ಸಾಮಾನ್ಯವಾದ ಎಚ್.ಡಿ. ಚಿತ್ರವೊಂದು ಓಡುವಾಗ ಮೂರು ಜೋಡಿ ಎಳೆಗಳಲ್ಲಿ ಒಂದೊಂದರಲ್ಲಿಯೂ ಸೆಕೆಂಡಿಗೆ ೭೪ ಕೋಟಿಗೂ ಮಿಕ್ಕಿ ಸೊನ್ನೆ ಒಂದುಗಳು ಹರಿಯುವುವೆಂದರೆ ಅದರ ವೇಗವನ್ನು ಊಹಿಸಿಕೊಳ್ಳಬಹುದು.

ಆದರೆ ನಮ್ಮ ಕಥೆಗೆ ಮುಖ್ಯವಾದವು ಉಳಿದ ಏಳು ಹಲ್ಲುಗಳಲ್ಲಿ ಕೆಲವು. ಏಕೆಂದರೆ ಈ ತಂತಿಯಲ್ಲಿ ಚಿತ್ರ ಹರಿಯುವ ಮೊದಲು ಮಾತುಕತೆ ನಡೆಯತಕ್ಕದ್ದು. ಬುತ್ತಿಯ ಗಂಟು ಹೊತ್ತು ನೆಂಟರ ಮನೆಗೆ ಬಂದವನನ್ನು ನೆನೆದುಕೊಳ್ಳಿರಿ. ಅವನು ಬಾಗಿಲು ತಟ್ಟಿ “ಮನೆಯಲ್ಲಿ ಯಾರಿದ್ದೀರಿ?” ಎನ್ನುವನು. ಹಾಗೆಯೇ ಪೆಟ್ಟಿಗೆಯು ೧೮ನೆಯ ಹಲ್ಲಿನಲ್ಲಿ ಐದು ವೋಲ್ಟಿನ ವಿದ್ಯುತ್ತನ್ನು ಕಳುಹಿಸಿ ಬಾಗಿಲು ತಟ್ಟುವುದು. ಟಿ.ವಿ. ಎಚ್ಚರವಾಗಿದ್ದರೆ ೧೯ನೆಯ ಹಲ್ಲಿನಲ್ಲಿ “ಇದ್ದೇನೆ” ಎಂದು ಉತ್ತರ ಕೊಡುವುದು. ಇದು ಮೊದಲ ಹೆಜ್ಜೆ. ಆಮೇಲೆ ೧೫ ಮತ್ತು ೧೬ನೆಯ ಹಲ್ಲುಗಳ ಮೂಲಕ ಪೆಟ್ಟಿಗೆಯು ಟಿ.ವಿ.ಯ ಕುಲಗೋತ್ರಗಳನ್ನು ಓದುವುದು: ಯಾರು ಮಾಡಿದ್ದು, ಎಷ್ಟು ಗೆರೆಗಳ ಚಿತ್ರವನ್ನು ತೋರಬಲ್ಲುದು, ಯಾವ ಬಗೆಯ ಧ್ವನಿಯನ್ನು ಅರಗಿಸಿಕೊಳ್ಳಬಲ್ಲುದು ಎಂಬ ಪಟ್ಟಿ ಪ್ರತಿ ಟಿ.ವಿ.ಯ ಹೊಟ್ಟೆಯಲ್ಲಿಯೂ ಬರೆದಿರುವುದು. ಇದು ಎರಡನೆಯ ಹೆಜ್ಜೆ. ಮೂರನೆಯದು ಗುಟ್ಟಿನ ಮಾತು. ಚಿತ್ರವನ್ನು ನಡುದಾರಿಯಲ್ಲಿ ಯಾರೂ ನಕಲು ಮಾಡದಿರಲೆಂದು ಇಂಟೆಲ್ ಕಂಪೆನಿಯವರು ಎಚ್.ಡಿ.ಸಿ.ಪಿ. ಎಂಬ ಬೀಗವೊಂದನ್ನು ರಚಿಸಿದ್ದಾರೆ. ಎರಡೂ ಕಡೆಯವರು ತಮ್ಮ ತಮ್ಮ ಬೀಗದ ಕೈಗಳಿಂದ ಒಂದು ಲೆಕ್ಕ ಮಾಡಿ, ಉತ್ತರ ಒಂದೇ ಬಂದರೆ ಮಾತ್ರ ಬುತ್ತಿ ಬಿಚ್ಚುವುದು. ಚಿತ್ರ ಓಡುತ್ತಿರುವಾಗಲೂ ಆಗಾಗ ಈ ಪರೀಕ್ಷೆ ನಡೆಯುತ್ತಿರುವುದು. ಹಣ ತೆತ್ತು ನೋಡುವ ಗೃಹಸ್ಥನೂ ಕಳ್ಳನಂತೆಯೇ ಈ ಪರೀಕ್ಷೆಗೆ ಒಳಗಾಗಬೇಕಾದುದು ಕಾಲಧರ್ಮ.

ಈ ಮೂರು ಹೆಜ್ಜೆಗಳಲ್ಲಿ ಯಾವುದೊಂದು ತಪ್ಪಿದರೂ ಪರದೆ ಕಪ್ಪಾಗುವುದು. ಹಳೆಯ ತಂತಿ ಅರ್ಧ ಕೆಟ್ಟರೆ ಅರ್ಧ ಚಿತ್ರವನ್ನಾದರೂ ಕೊಡುತ್ತಿತ್ತು. ಇದು ಹಾಗಲ್ಲ, ಒಲಿದರೆ ಪೂರ್ತಿ, ಮುನಿದರೆ ಏನೂ ಇಲ್ಲ.

ಇಷ್ಟನ್ನು ತಿಳಿದು ನಾನು ಎರಡನೆಯ ಸಲ ಭದ್ರಾವತಿಗೆ ಹೋದಾಗ ಕೈಯಲ್ಲಿ ಯಾವ ತಂತಿಯನ್ನೂ ಒಯ್ಯಲಿಲ್ಲ. ರಾತ್ರಿ ಅಲ್ಲಿಯೇ ಉಳಿದೆನು. ಒಂಬತ್ತು ಗಂಟೆಗೆ ಭಾವನವರು ಎದ್ದು, ಗೋಡೆಯ ಒಂದೇ ಸ್ವಿಚ್ಚನ್ನು ಆರಿಸಿದರು. ಆ ಒಂದು ಸ್ವಿಚ್ಚಿನಿಂದ ಹೊರಟ ಎಕ್ಸ್‌ಟೆನ್ಷನ್ ಹಲಗೆಗೆ ಟಿ.ವಿ., ಪೆಟ್ಟಿಗೆ ಎರಡೂ ಸೇರಿದ್ದುವು. ರಾತ್ರಿಯೆಲ್ಲ ಸಣ್ಣ ದೀಪ ಉರಿಯುತ್ತ ವಿದ್ಯುತ್ತು ವ್ಯರ್ಥವಾಗಬಾರದೆಂಬ ಅವರ ಮಿತವ್ಯಯದ ನಿಯಮ ಮೆಚ್ಚತಕ್ಕದ್ದೇ. ಬೆಳಿಗ್ಗೆ ಆರಕ್ಕೆ ಎದ್ದು ಅದೇ ಸ್ವಿಚ್ಚನ್ನು ಹಾಕಿ, ಹಾಲಿನ ಪ್ಯಾಕೆಟ್ಟು ತರಲು ಬಾಗಿಲಿಗೆ ಹೋದರು. ನಾನು ಹಾಸಿಗೆಯಲ್ಲಿ ಕುಳಿತು ನೋಡುತ್ತಿದ್ದೆನು. ವಿದ್ಯುತ್ತು ಬಂದೊಡನೆ ಪೆಟ್ಟಿಗೆ ತಾನಾಗಿ ಎಚ್ಚೆತ್ತಿತು; ಅದರ ದೀಪ ಕೆಂಪಿನಿಂದ ಹಸಿರಾಯಿತು. ಟಿ.ವಿ.ಯಾದರೋ ರಿಮೋಟಿನಿಂದ ಎಬ್ಬಿಸುವವರೆಗೆ ನಿದ್ರಿಸುವ ಜಾತಿಯದು. ಭಾವನವರು ಹಾಲನ್ನು ಅಡಿಗೆಮನೆಯಲ್ಲಿಟ್ಟು, ಕನ್ನಡಕವನ್ನು ಹುಡುಕಿ, ರಿಮೋಟು ಹಿಡಿದು ಬರುವ ಹೊತ್ತಿಗೆ ಪೆಟ್ಟಿಗೆಯು ಬಾಗಿಲು ತಟ್ಟಿ, ಉತ್ತರ ಕಾಣದೆ, ‘ಈ ಮನೆಯಲ್ಲಿ ಯಾರೂ ಇಲ್ಲ’ವೆಂದು ನಿಶ್ಚಯಿಸಿ ಸುಮ್ಮನಾಗಿತ್ತು. ಟಿ.ವಿ. ಎದ್ದು ನೋಡಿದರೆ ಬಾಗಿಲಲ್ಲಿ ಯಾರ ಸದ್ದೂ ಇಲ್ಲ. ಕಪ್ಪು ಪರದೆ, ‘ಸಿಗ್ನಲ್ ಇಲ್ಲ’.

ನಾನು ಎದ್ದು ಹೋಗಿ, ಟಿ.ವಿ.ಯನ್ನು ಹಾಗೆಯೇ ಬಿಟ್ಟು ಪೆಟ್ಟಿಗೆಯೊಂದರ ಪ್ಲಗ್ಗನ್ನು ಮಾತ್ರ ಹಲಗೆಯಿಂದ ತೆಗೆದು, ಹತ್ತು ಎಣಿಸಿ ಮತ್ತೆ ಹಾಕಿದೆನು. ಒಂದು ನಿಮಿಷದೊಳಗೆ ಚಿತ್ರ ಬಂದಿತು. ಈ ಪ್ರಯೋಗವನ್ನು ಮೂರು ಸಲ ಹಿಂದುಮುಂದಾಗಿ ಮಾಡಿದೆವು. ಪೆಟ್ಟಿಗೆ ಮೊದಲು ಎದ್ದರೆ ಕಪ್ಪು, ಟಿ.ವಿ. ಮೊದಲು ಎದ್ದರೆ ಚಿತ್ರ. ರೋಗನಿದಾನ ಮುಗಿಯಿತು. ಎಲ್ಲ ಪೆಟ್ಟಿಗೆಗಳೂ ಹೀಗೆ ಮಾಡುವುದಿಲ್ಲ. ಕೆಲವು ಮತ್ತೆ ಮತ್ತೆ ಬಾಗಿಲು ತಟ್ಟಿ ನೋಡುವಷ್ಟು ತಾಳ್ಮೆಯುಳ್ಳವು. ಇದು ಆ ಗುಂಪಿಗೆ ಸೇರಿದುದಲ್ಲ.

ಹಾಗಾದರೆ ನನ್ನ ಚಿನ್ನದ ಮೂತಿಯ ತಂತಿ ಮೊದಲ ದಿನ ಹೇಗೆ ಗುಣ ತೋರಿಸಿತು? ಎರಡೂ ಹೊತ್ತಿಕೊಂಡಿರುವಾಗ ಅದನ್ನು ಸಿಕ್ಕಿಸಿದೆನಷ್ಟೆ, ಆಗ ಟಿ.ವಿ. ಎಚ್ಚರವಾಗಿತ್ತು, ಹೊಸದಾಗಿ ಮಾತುಕತೆ ನಡೆದು ಚಿತ್ರ ಬಂದಿತು. ಹಳೆಯ ತಂತಿಯನ್ನೇ ಕಿತ್ತು ಸಿಕ್ಕಿಸಿದ್ದರೂ ಬರುತ್ತಿತ್ತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿತ್ತು. ಕೊಂಬೆ ಮುರಿದ ಕೀರ್ತಿಯನ್ನು ನಾನು ತೆಗೆದುಕೊಂಡೆನು. ಇನ್ನು ಕೇಬಲ್ಲಿನ ಹುಡುಗನೂ ರಿಪೇರಿಯವರೂ ಸುಳ್ಳು ಹೇಳಿದವರಲ್ಲ. ಹುಡುಗನ ಅಂಗಡಿಯಲ್ಲಿ ಟಿ.ವಿ. ಬೆಳಗಿನಿಂದ ಹೊತ್ತಿಕೊಂಡೇ ಇರುವುದು. ಆದಕಾರಣ ಪೆಟ್ಟಿಗೆ ತಟ್ಟಿದೊಡನೆ ಬಾಗಿಲು ತೆರೆಯುವುದು. ರಿಪೇರಿ ಅಂಗಡಿಯಲ್ಲಿ ಪೆಟ್ಟಿಗೆಯೇ ಇರಲಿಲ್ಲ. ಒಬ್ಬೊಬ್ಬರೂ ತಮ್ಮ ಕೈಯಲ್ಲಿದ್ದ ಅರ್ಧವನ್ನು ಪರೀಕ್ಷಿಸಿ ನಿಜವನ್ನೇ ಹೇಳಿದರು. ಎರಡನ್ನೂ ಕೂಡಿಸಿ, ಅವು ಇರುವ ಸ್ಥಳದಲ್ಲಿ, ಅವು ಕೆಡುವ ಹೊತ್ತಿನಲ್ಲಿ ನೋಡುವವರು ಮಾತ್ರ ಯಾರೂ ಇರಲಿಲ್ಲ. ಅದು ಗೃಹಸ್ಥನೇ ಮಾಡಿಕೊಳ್ಳಬೇಕಾದ ಕೆಲಸ.

ಈ ಪ್ರಯತ್ನದ ನಡುವೆ ಇನ್ನೊಂದು ಸಂಗತಿ ಕಂಡಿತು. ಅದನ್ನು ಹೇಳದೆ ಹೋದರೆ ದೋಷವಾದೀತು. ಪೆಟ್ಟಿಗೆಯ ಹಿಂದೆ ಕೈಯಾಡಿಸುವಾಗ ಕೇಬಲ್ಲಿನ ಲೋಹದ ಮೂತಿ ತಗುಲಿ ನನ್ನ ಬೆರಳು ಜುಮ್ಮೆಂದಿತು. ಆ ಗೋಡೆಯ ಸಾಕೆಟ್ಟಿಗೆ ಅರ್ಥ್ ತಂತಿಯೇ ಇರಲಿಲ್ಲ. ಟಿ.ವಿ., ಪೆಟ್ಟಿಗೆಗಳ ವಿದ್ಯುತ್ ಭಾಗದಿಂದ ಅತ್ಯಲ್ಪ ವಿದ್ಯುತ್ತು ಅವುಗಳ ಲೋಹದ ಮೈಗೆ ಸೋರುತ್ತಿರುವುದು ಸ್ವಾಭಾವಿಕ. ಅದು ಭೂಮಿಗೆ ಇಳಿಯಲು ದಾರಿಯಿಲ್ಲದಿದ್ದರೆ ಅಲ್ಲಿಯೇ ನಿಲ್ಲುವುದು. ಅಲ್ಲದೆ ಕಂಬದಿಂದ ಬಂದ ಕೇಬಲ್ಲಿನ ಹೊರಪದರವು ಬೀದಿಯ ಎಷ್ಟೋ ಮನೆಗಳನ್ನು ಸುತ್ತಿ ಬಂದುದಾಗಿರುವುದು. ಹೀಗೆ ಟಿ.ವಿ.ಯ ಮೈಯೂ ಪೆಟ್ಟಿಗೆಯ ಮೈಯೂ ಬೇರೆ ಬೇರೆ ಮಟ್ಟದ ವಿದ್ಯುತ್ತನ್ನು ಹೊತ್ತು ನಿಂತಿರುವಾಗ, ಚಾಲೂ ಇರುವಂತೆಯೇ ಎಚ್.ಡಿ.ಎಂ.ಐ. ತಂತಿಯನ್ನು ಸಿಕ್ಕಿಸಿದರೆ, ಆ ವ್ಯತ್ಯಾಸವೆಲ್ಲ ಒಂದು ಕ್ಷಣ ಆ ಸಣ್ಣ ಹಲ್ಲುಗಳ ಮೂಲಕ ಹರಿಯಬಹುದು. ಐದು ವೋಲ್ಟಿನೊಳಗೆ ಬಾಳುವ ಸೂಕ್ಷ್ಮ ಭಾಗಗಳು ಅದನ್ನು ತಾಳಲಾರದೆ ಸುಟ್ಟುಹೋಗುವುದುಂಟು. ನಾನು ಮೊದಲ ದಿನ ಮಾಡಿದ ಸಾಹಸ ಇಂಥದೇ. ಅಂದು ಕೆಡದೆ ಉಳಿದುದು ಅದೃಷ್ಟ. ವಾಚಕರು ಅದನ್ನು ಅನುಸರಿಸಬಾರದು.

ಆದುದರಿಂದ ಈ ತಂತಿಯನ್ನು ಕೀಳುವಾಗಲೂ ಹಾಕುವಾಗಲೂ ಎರಡರ ಪ್ಲಗ್ಗುಗಳನ್ನೂ ಗೋಡೆಯಿಂದ ತೆಗೆಯತಕ್ಕದ್ದು. ಪೆಟ್ಟಿಗೆಯ ಹಿಂದಿನ ಕೇಬಲ್ಲಿನ ತಿರುಪನ್ನೂ ಬಿಚ್ಚತಕ್ಕದ್ದು. ಮೊದಲು ಎಚ್.ಡಿ.ಎಂ.ಐ., ಆಮೇಲೆ ಕೇಬಲ್ಲು, ಕಡೆಗೆ ವಿದ್ಯುತ್ತು, ಇದು ಕ್ರಮ. ಬೆರಳು ಜುಮ್ಮೆನ್ನುವ ಮನೆಯಲ್ಲಿ ಲೈಸೆನ್ಸುಳ್ಳ ವಿದ್ಯುತ್ ಕೆಲಸಗಾರರಿಂದ ಅರ್ಥ್ ಪರೀಕ್ಷೆ ಮಾಡಿಸುವುದು ಟಿ.ವಿ.ಗಿಂತಲೂ ಮನೆಯ ಮಕ್ಕಳ ದೃಷ್ಟಿಯಿಂದ ಅವಶ್ಯಕ.

ನಮ್ಮ ಮಲೆನಾಡಿನ ಸೀಮೆಯಲ್ಲಿ ಸಿಡಿಲಿನ ಮಾತನ್ನೂ ಇಲ್ಲಿಯೇ ಸೇರಿಸಬೇಕು. ಭರಣಿ, ಕೃತ್ತಿಕೆಯ ಮಳೆಗಳು ಗುಡುಗು ಮಿಂಚುಗಳೊಡನೆ ಬರುವ ದಿನಗಳಲ್ಲಿ ಸ್ವಿಚ್ಚು ಆರಿಸಿದರೆ ಸಾಲದು. ಸಿಡಿಲಿನ ವಿದ್ಯುತ್ತು ಕೇಬಲ್ಲಿನ ಮೂಲಕವೂ ಒಳಗೆ ಬರುವುದು, ಪೆಟ್ಟಿಗೆಯಿಂದ ಎಚ್.ಡಿ.ಎಂ.ಐ. ಹಾದು ಟಿ.ವಿ.ಯನ್ನು ಸೇರುವುದು. ಮೋಡ ಕವಿಯುತ್ತಿರುವಾಗಲೇ ಪ್ಲಗ್ಗುಗಳನ್ನೂ ಕೇಬಲ್ಲನ್ನೂ ಬಿಡಿಸಿಡಬೇಕು. ಗುಡುಗು ಕೇಳಲಾರಂಭಿಸಿದ ಮೇಲೆ ಮಾತ್ರ ತಂತಿಗಳ ಬಳಿ ಹೋಗಲೇ ಬಾರದು, ಟಿ.ವಿ. ಹೋದರೆ ಹೋಗಲಿ, ಜೀವ ದೊಡ್ಡದು. ಸಿಡಿಲಿನ ಮರುದಿನ ಚಿತ್ರ ಬಾರದಿದ್ದರೆ ಟಿ.ವಿ. ಪೂರ್ತಿ ಸತ್ತಿತೆಂದು ತಿಳಿಯಬೇಕಾಗಿಲ್ಲ. ಒಂದು ಎಚ್.ಡಿ.ಎಂ.ಐ. ಕಿಂಡಿ ಸುಟ್ಟರೂ ಪಕ್ಕದ ಕಿಂಡಿ ಬದುಕಿರುವುದುಂಟು. ಅದಕ್ಕೆ ಬದಲಾಯಿಸಿ ನೋಡಬಹುದು.

ಇನ್ನು ಲಕ್ಷಣಗಳಿಂದ ರೋಗವನ್ನು ಗುರುತಿಸುವ ಬಗೆಯನ್ನು ಸಂಕ್ಷೇಪವಾಗಿ ಹೇಳುವೆನು. ‘ಸಿಗ್ನಲ್ ಇಲ್ಲ’ವೆಂದು ಕಂಡರೆ ಮೊದಲು ರಿಮೋಟಿನಲ್ಲಿ ‘ಸೋರ್ಸ್’ ಅಥವಾ ‘ಇನ್‌ಪುಟ್’ ಎಂಬ ಗುಂಡಿಯನ್ನೊತ್ತಿ, ತಂತಿ ಯಾವ ಕಿಂಡಿಯಲ್ಲಿದೆಯೋ ಅದೇ ಆರಿಸಲ್ಪಟ್ಟಿದೆಯೇ ಎಂದು ನೋಡತಕ್ಕದ್ದು. ಮಕ್ಕಳ ಕೈ ತಗುಲಿ ಬದಲಾಗಿರುವ ಸಂಭವ ಬಹಳ. ಅದು ಸರಿಯಿದ್ದರೆ ಟಿ.ವಿ.ಯನ್ನು ಎಬ್ಬಿಸಿಟ್ಟು ಪೆಟ್ಟಿಗೆಯನ್ನು ಮಾತ್ರ ಆರಿಸಿ ಹೊತ್ತಿಸತಕ್ಕದ್ದು. ಚಿತ್ರವು ಚೌಕ ಚೌಕವಾಗಿ ಒಡೆದು ನಿಂತು ನಿಂತು ಬಂದರೆ ದೋಷ ಹೊರಗಿನ ಕೇಬಲ್ಲಿನದು, ಅದಕ್ಕಾಗಿ ಎಚ್.ಡಿ.ಎಂ.ಐ. ತಂತಿಯನ್ನು ಕೊಳ್ಳುವುದು ದಂಡ. ಒಳ್ಳೆಯ ಚಿತ್ರದ ಮೇಲೆ ಬಿಳಿಯ ಚುಕ್ಕೆಗಳು ಮಿಣುಕಿದರೆ, ಅಥವಾ ತಂತಿ ಅಲುಗಿದಾಗ ಕ್ಷಣಕಾಲ ಕಪ್ಪಾದರೆ, ಆಗ ತಂತಿಯನ್ನೇ ಸಂಶಯಿಸಬಹುದು. ಗೋಡೆಗೆ ಒತ್ತಿ ತೂಗುಹಾಕಿದ ಟಿ.ವಿ.ಗಳ ಹಿಂದೆ ಅದು ಮಡಿಸಿಹೋಗಿ ಎಳೆ ಕಡಿದಿರುವುದುಂಟು. ಚಿತ್ರವಿದ್ದು ಧ್ವನಿಯಿಲ್ಲದಿದ್ದರೆ, ಪೆಟ್ಟಿಗೆಯ ಧ್ವನಿಯ ಪಟ್ಟಿಯಲ್ಲಿ ‘ಡಾಲ್ಬಿ’ಯನ್ನು ಬಿಟ್ಟು ‘ಪಿ.ಸಿ.ಎಂ.’ ಎಂಬುದನ್ನು ಆರಿಸಿ ನೋಡಬಹುದು. ಎಚ್.ಡಿ.ಸಿ.ಪಿ. ಎಂಬ ಅಕ್ಷರಗಳೇ ಪರದೆಯ ಮೇಲೆ ಕಂಡರೆ ಜಗಳ ಬೀಗದ ಕೈಯದು. ಅತಿ ಸೂಕ್ಷ್ಮ ಚಿತ್ರಗಳಿಗಾಗಿ ೨೦೧೩ರಲ್ಲಿ ಬಂದ ೨.೨ ಎಂಬ ಹೊಸ ಬೀಗವನ್ನು ಅದಕ್ಕೂ ಹಿಂದಿನ ಟಿ.ವಿ.ಗಳು ಅರಿಯವು, ಅಲ್ಲಿ ಪೆಟ್ಟಿಗೆಯನ್ನು ಸಾಮಾನ್ಯ ಎಚ್.ಡಿ.ಗೆ ಇಳಿಸಿ ನೋಡಬೇಕು. ಚಿನ್ನದ ಮೂತಿಯಿಂದ ಚಿತ್ರ ಹೆಚ್ಚು ಚೆನ್ನಾಗಿ ಬರುವುದೆಂಬುದು ಭ್ರಾಂತಿ. ಸೊನ್ನೆ ಒಂದುಗಳು ಸರಿಯಾಗಿ ಮುಟ್ಟಿದ ಮೇಲೆ ಅಗ್ಗದ ತಂತಿಯೂ ಒಂದೇ, ತುಟ್ಟಿಯದೂ ಒಂದೇ. ನನ್ನ ಅನುಭವದ ಬೆಲೆಯನ್ನು ನಾನು ತೆತ್ತಾಗಿದೆ.

ಇಷ್ಟರ ಮೇಲೂ ಸರಿಹೋಗದಿದ್ದರೆ ಬಾಯಿಮಾತಿನ ದೂರಿನಲ್ಲಿ ನಿಲ್ಲಬಾರದು. ಟ್ರಾಯ್ ಸಂಸ್ಥೆಯು ೨೦೧೭ರಲ್ಲಿ ಹೊರಡಿಸಿದ ನಿಯಮಗಳಂತೆ ಕೇಬಲ್ ಸೇವೆಯವರು ಗ್ರಾಹಕರ ದೂರಿಗಾಗಿ ಕೇಂದ್ರವನ್ನಿಟ್ಟು, ಪ್ರತಿ ದೂರಿಗೂ ಒಂದು ಸಂಖ್ಯೆಯನ್ನು ಕೊಡತಕ್ಕದ್ದು. ಆ ಸಂಖ್ಯೆಯನ್ನು ಕೇಳಿ ಬರೆದಿಟ್ಟುಕೊಳ್ಳಬೇಕು. ಜೊತೆಗೆ “ಟಿ.ವಿ. ಮೊದಲು ಹೊತ್ತಿಸಿದರೆ ಬರುತ್ತದೆ, ಆಮೇಲೆ ಹೊತ್ತಿಸಿದರೆ ಬಾರದು” ಎಂದು ಲಕ್ಷಣವನ್ನು ಸ್ಪಷ್ಟವಾಗಿ ಹೇಳಿದ ಗೃಹಸ್ಥನನ್ನು “ನಿಮ್ಮ ಟಿ.ವಿ. ಹೋಗಿದೆ” ಎಂದು ಸಾಗಹಾಕುವುದು ಸುಲಭವಲ್ಲ.

ಭಾವನವರ ಮನೆಯಲ್ಲಿ ಆದ ಖರ್ಚು ಬಹಳವಿಲ್ಲ. ಬೇರೆ ಬೇರೆ ಸ್ವಿಚ್ಚುಗಳುಳ್ಳ ಒಂದು ಹಲಗೆಯನ್ನು ತಂದೆವು. ಅರ್ಥ್ ತಂತಿಯನ್ನು ಹಾಕಿಸಿದೆವು. ರಾತ್ರಿ ಎಲ್ಲವನ್ನೂ ಆರಿಸುವ ಅವರ ನಿಯಮಕ್ಕೆ ಭಂಗ ಬರಲಿಲ್ಲ. ಚಿತ್ರದ ಕೆಳಗಿನ ಅಂಚು ಪರದೆಯಾಚೆ ಹೋಗಿ ಅಕ್ಷರಗಳ ಒತ್ತುಗಳು ಕತ್ತರಿಸಿದಂತೆ ಕಾಣುತ್ತಿದ್ದುವು. ಟಿ.ವಿ.ಯ ಚಿತ್ರದ ಅಳತೆಯ ಪಟ್ಟಿಯಲ್ಲಿ ‘ಸ್ಕ್ರೀನ್ ಫಿಟ್’ ಎಂಬುದನ್ನು ಆರಿಸಿದೊಡನೆ ಒತ್ತಕ್ಷರಗಳೂ ಮೇಲೆ ಬಂದು ಕುಳಿತವು, ಕೆಲವು ಟಿ.ವಿ.ಗಳಲ್ಲಿ ಇದನ್ನೇ ‘ಜಸ್ಟ್ ಸ್ಕ್ಯಾನ್’ ಎನ್ನುವರು. ಒತ್ತು ಬಿಟ್ಟ ಕನ್ನಡವನ್ನು ಎಷ್ಟು ದಿನ ಓದಿದೆನಪ್ಪಾ ಎಂದು ಮೇಷ್ಟ್ರು ನಕ್ಕರು.

ಈಗ ಆ ಹಲಗೆಯ ಪಕ್ಕದಲ್ಲಿ, ಶಾಲೆಯ ಕಪ್ಪುಹಲಗೆಯ ದುಂಡು ಅಕ್ಷರಗಳಲ್ಲಿ, ಅವರೇ ಬರೆದು ಅಂಟಿಸಿದ ಚೀಟಿಯೊಂದಿದೆ: “ಮೊದಲು ಟಿ.ವಿ. ಪರದೆ ಬೆಳಗಿದ ಮೇಲೆ ಹತ್ತು ಎಣಿಸಿ ಪೆಟ್ಟಿಗೆ. ತಾಳಿದವನು ಬಾಳಿಯಾನು.” ಕಿವಿಯ ಮಿಷನ್ನಿನ ಹಣ ಅಕ್ಕನ ಕಪಾಟಿನಲ್ಲಿ ಹಾಗೆಯೇ ಉಳಿದಿತು. ಮುಂದಿನ ವಾರ ಅವರಿಬ್ಬರೂ ಕಿವಿಯ ವೈದ್ಯರನ್ನು ಕಾಣಲು ಶಿವಮೊಗ್ಗೆಗೆ ಬರುವವರಿದ್ದಾರೆ. ಹಳೆಯ ರೇಡಿಯೋವನ್ನು ಅಟ್ಟದಿಂದ ಇಳಿಸಿ, ಧೂಳು ಒರೆಸಿ ಇಟ್ಟಿರುವೆನೆಂದು ಅಕ್ಕ ನಿನ್ನೆ ತಿಳಿಸಿದಳು.